ಮ್ಯೂನಿಕ್ ಮತ್ತು ನಾಯ್‌ಶ್ವಾನ್‌ಸ್ಟೈನ್: ವಿದ್ಯಾರ್ಥಿ ಗುಂಪಿನ ವಾರಾಂತ್ಯದ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಜರ್ಮನಿಯ ಬವೇರಿಯಾ ರಾಜ್ಯದ ಬೆಟ್ಟವೊಂದರ ಮೇಲಿರುವ ನಾಯ್‌ಶ್ವಾನ್‌ಸ್ಟೈನ್ ಅರಮನೆಯ ಟಿಕೆಟ್ ಮೇಲೆ ಗಂಟೆಯ ಜೊತೆ ನಿಮಿಷವೂ ಅಚ್ಚಾಗಿರುತ್ತದೆ. 13:05 ಎಂದಿದ್ದರೆ ಆ ಹೊತ್ತಿಗೆ ಗೇಟು ತೆರೆಯುತ್ತದೆ, ಐದು ನಿಮಿಷದಲ್ಲಿ ಮುಂದಿನ ತಂಡದ ಸರದಿ ಬರುತ್ತದೆ. 13:15ಕ್ಕೆ ಏದುಸಿರು ಬಿಡುತ್ತಾ ಬಂದವರಿಗೆ ಪ್ರವೇಶವಿಲ್ಲ, ಹಣವೂ ವಾಪಸ್ ಬರುವುದಿಲ್ಲ. ಒಬ್ಬಿಬ್ಬರಾದರೆ ಓಡಿ ಹತ್ತಬಹುದು. ಹದಿನೈದು ಜನರ ಗುಂಪು ಓಡಲಾರದು, ಅದರಲ್ಲಿ ಅತಿ ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗ. ಹಾಗಾಗಿ ಈ ಪ್ರವಾಸದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು: ಮೊದಲು ಅರಮನೆಯ ಸಮಯ, ಆಮೇಲೆ ರೈಲು, ಕೊನೆಗೆ ಮಲಗುವ ಜಾಗ. ಹಾಸ್ಟೆಲ್ ಬುಕ್ ಮಾಡಿ, ರೈಲು ನೋಡಿ, ಕೊನೆಗೆ ಅರಮನೆಯ ಟಿಕೆಟ್ ಹುಡುಕುವ ಗುಂಪುಗಳೇ ಹೆಚ್ಚು. ಅವರಲ್ಲಿ ಹಲವರು ಅರಮನೆಯನ್ನು ಹೊರಗಿನಿಂದ ನೋಡಿ ವಾಪಸಾಗುತ್ತಾರೆ.

ಇಲ್ಲಿನ ಲೆಕ್ಕವೆಲ್ಲ ಜರ್ಮನಿಯ ಬೇರೆ ಊರುಗಳಲ್ಲಿ ಓದುತ್ತಿರುವ, ಶುಕ್ರವಾರ ರಾತ್ರಿ ಮ್ಯೂನಿಕ್ ತಲುಪಿ ಭಾನುವಾರ ಸಂಜೆ ಹೊರಡುವ ಹದಿನೈದು ಜನರ ಗುಂಪಿಗೆ. ಶನಿವಾರ ಅರಮನೆ, ಭಾನುವಾರ ನಗರ. ಈ ಕ್ರಮವನ್ನು ತಿರುಗಿಸಬೇಡಿ. ಭಾನುವಾರ ಮಲೆಯ ಕಡೆಯಿಂದ ಬರುವ ಗಾಡಿ ತಡವಾದರೆ ನಿಮ್ಮ ಊರಿಗೆ ಹೋಗುವ ರೈಲೂ ತಪ್ಪುತ್ತದೆ, ಸೋಮವಾರದ ತರಗತಿಯೂ ತಪ್ಪುತ್ತದೆ.

ಒಂದೂವರೆ ತಿಂಗಳ ಮುಂಚೆ: ದಿನ, ದುಡ್ಡು, ಸಮಯ

ದಿನ ಆರಿಸುವಾಗ ಮೂರು ವಿಷಯ ನೋಡಿ. ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ಮೊದಲ ಭಾನುವಾರದ ಆಸುಪಾಸಿನವರೆಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಉತ್ಸವ ಇರುತ್ತದೆ. ಆಗ ಹಾಸ್ಟೆಲ್ ಹಾಸಿಗೆಯ ಬೆಲೆ ಹಲವು ಪಟ್ಟು ಏರುತ್ತದೆ, ಹದಿನೈದು ಹಾಸಿಗೆ ಒಂದೇ ಕಡೆ ಸಿಗುವುದೂ ಕಷ್ಟ. ಡಿಸೆಂಬರ್ 24, 25, 31 ಮತ್ತು ಜನವರಿ 1ರಂದು ಅರಮನೆಗೆ ರಜೆ. ಚಳಿಗಾಲದಲ್ಲಿ ಜನ ಕಡಿಮೆ, ಹಿಮ ಹೊದ್ದ ಅರಮನೆ ನಿಜಕ್ಕೂ ಚೆಲುವು. ಆದರೆ ಹಾದಿಯಲ್ಲಿ ಮಂಜುಗಡ್ಡೆ ಕಟ್ಟಿದರೆ ಮೇಲೆ ಹೋಗುವ ಬಸ್ ನಿಲ್ಲುತ್ತದೆ, ಅರಮನೆಯ ಫೋಟೋ ತೆಗೆಯುವ ಸೇತುವೆಯನ್ನೂ ಮುಚ್ಚುತ್ತಾರೆ, ಅರಮನೆ ತೆರೆದಿರುವ ಹೊತ್ತೂ ಕಿರಿದಾಗುತ್ತದೆ. ಮೊದಲ ಸಲ ಹೋಗುವ ಗುಂಪಿಗೆ ಮೇ, ಜೂನ್, ಇಲ್ಲವೇ ಫೆಸ್ಟ್ ಮುಗಿದ ಮೇಲಿನ ಅಕ್ಟೋಬರ್ ಒಳ್ಳೆಯದು.

ಹಣವನ್ನು ಬುಕ್ ಮಾಡುವ ಮುಂಚೆಯೇ ಸಂಗ್ರಹಿಸಿ. "ನಾನೂ ಬರ್ತೀನಿ" ಎಂದವರಲ್ಲಿ ಇಬ್ಬರು ಮೂವರು ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದು ಸಾಮಾನ್ಯ. ಟಿಕೆಟ್‌ನ ದುಡ್ಡು ವಾಪಸ್ ಬರುವುದಿಲ್ಲವಾದ್ದರಿಂದ ಆ ನಷ್ಟ ಬುಕ್ ಮಾಡಿದವರ ತಲೆಗೇ ಬರುತ್ತದೆ. ದುಡ್ಡು ಕೊಟ್ಟವರ ಹೆಸರು ಮಾತ್ರ ಪಟ್ಟಿಯಲ್ಲಿರಲಿ.

ಪಟ್ಟಿ ಆದ ಮೇಲೆ ಗುಂಪನ್ನು ಐದೈದು ಜನರ ಮೂರು ತಂಡ ಮಾಡಿ, ಪ್ರತಿ ತಂಡಕ್ಕೆ ಒಬ್ಬರು ಮುಖ್ಯಸ್ಥರು. ಐದೇ ಏಕೆಂದರೆ ಬವೇರಿಯಾದ ಗುಂಪು ಟಿಕೆಟ್‌ಗಳು ಐದು ಜನರವರೆಗೆ ಇರುತ್ತವೆ. ಊಟದ ಮೇಜು ಸಿಗುವುದೂ ಐವರಿಗೆ ಸುಲಭ, ಹೆಡ್ ಕೌಂಟ್ ಮಾಡುವುದೂ ಸುಲಭ. ಮೂರು ಮುಖ್ಯಸ್ಥರು "ಐದು" ಎಂದರೆ ಎಲ್ಲರೂ ಇದ್ದಾರೆ ಎಂದರ್ಥ.

ಈಗ ಅರಮನೆಯ ಅಧಿಕೃತ ಜಾಲತಾಣದಲ್ಲೇ ಟಿಕೆಟ್ ತೆಗೆದುಕೊಳ್ಳಿ. ಒಳಗೆ ನಿಮ್ಮಷ್ಟಕ್ಕೆ ನೀವು ಸುತ್ತಾಡುವಂತಿಲ್ಲ, ಗೈಡ್ ಜೊತೆಗಿನ ಸುತ್ತು ಕಡ್ಡಾಯ. ಇಂಗ್ಲಿಷ್ ಗೈಡ್ ಇರುವ ಸಮಯವನ್ನೇ ಆರಿಸಿ. ವಿದ್ಯಾರ್ಥಿಗಳಿಗೆ ಸ್ವಲ್ಪ ರಿಯಾಯಿತಿ ಉಂಟು, ಗುರುತಿನ ಚೀಟಿ ಕೇಳುತ್ತಾರೆ. ಹದಿನೈದು ಜನಕ್ಕೆ ಒಂದೇ ಸುತ್ತಿನಲ್ಲಿ ಜಾಗ ಸಿಗದಿದ್ದರೆ ಮೂರು ತಂಡಗಳಿಗೆ ಅಕ್ಕಪಕ್ಕದ ಮೂರು ಸಮಯ ತೆಗೆದುಕೊಳ್ಳಿ. ಹತ್ತು ಹದಿನೈದು ನಿಮಿಷದ ಅಂತರದಿಂದ ಏನೂ ಕೆಡುವುದಿಲ್ಲ. ಮಧ್ಯಾಹ್ನ 12:30ರಿಂದ 2 ಗಂಟೆಯೊಳಗಿನ ಸಮಯ ಮ್ಯೂನಿಕ್‌ನಿಂದ ಬರುವವರಿಗೆ ಸರಿ. ಬೆಳಗ್ಗೆ 10ರದ್ದು ತೆಗೆದುಕೊಂಡರೆ ನಸುಕಿನಲ್ಲೇ ಹದಿನೈದು ಜನರನ್ನು ಎಬ್ಬಿಸಬೇಕಾಗುತ್ತದೆ, ಆಗದ ಮಾತು.

ಟಿಕೆಟ್ ಖಾಲಿಯಾಗಿದ್ದರೆ ಎದೆಗುಂದಬೇಡಿ. ನಾಯ್‌ಶ್ವಾನ್‌ಸ್ಟೈನ್ ಕಟ್ಟಿಸಿದ ಬವೇರಿಯಾದ ರಾಜ ಎರಡನೆಯ ಲುಡ್ವಿಗ್‌ನೇ ಕಟ್ಟಿಸಿದ ಹೆರ್ರೆನ್‌ಖೀಮ್‌ಜೇ ಅರಮನೆ ಖೀಮ್‌ಜೇ ಸರೋವರದ ದ್ವೀಪದಲ್ಲಿದೆ. ಮ್ಯೂನಿಕ್‌ನಿಂದ ಪ್ರೀನ್ ಊರಿಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ, ಆಮೇಲೆ ದೋಣಿ, ಆಮೇಲೆ ಕಾಡಿನ ಹಾದಿಯಲ್ಲಿ ಇಪ್ಪತ್ತು ನಿಮಿಷದ ನಡಿಗೆ. ಫ್ರಾನ್ಸಿನ ವರ್ಸೈ ಅರಮನೆಯ ಮಾದರಿಯಲ್ಲಿ ಕಟ್ಟಿದ್ದು, ಅದರ ಕನ್ನಡಿ ಸಭಾಂಗಣ ವರ್ಸೈಯದಕ್ಕಿಂತಲೂ ಉದ್ದ. ಇದನ್ನು ಎರಡನೆಯ ದರ್ಜೆಯ ಆಯ್ಕೆ ಎಂದು ತಿಳಿಯಬೇಡಿ.

ಹಾಸ್ಟೆಲ್ ಮುಖ್ಯ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರಲಿ. ದೂರದ ಅಗ್ಗದ ಹಾಸ್ಟೆಲ್‌ನಲ್ಲಿ ಉಳಿಸಿದ ಐದು ಯೂರೋ ಶನಿವಾರ ಬೆಳಗ್ಗೆ ಒಂದು ಗಾಡಿ ತಪ್ಪಿದರೆ ಹೋಯಿತು. ಹತ್ತು ಜನಕ್ಕಿಂತ ಹೆಚ್ಚಿದ್ದರೆ ಬಹಳಷ್ಟು ಹಾಸ್ಟೆಲ್‌ಗಳು ಗುಂಪು ಬುಕಿಂಗ್ ಎಂದು ಪರಿಗಣಿಸಿ ಮುಂಗಡ ಕೇಳುತ್ತವೆ, ರದ್ದು ಮಾಡುವ ನಿಯಮವೂ ಬೇರೆ ಇರುತ್ತದೆ. ಮೊದಲೇ ಬರೆದು ಕೇಳಿ.

ರೈಲು ಟಿಕೆಟ್

ನಿಮ್ಮಲ್ಲಿ ಯಾರ ಬಳಿ ಡಾಯ್ಚ್‌ಲಾಂಡ್‌ಟಿಕೆಟ್ ಇದೆ ಎಂದು ಮೊದಲು ಎಣಿಸಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಈ ತಿಂಗಳ ಪಾಸ್ 2025ರಲ್ಲಿ 58 ಯೂರೋ ಆಗಿತ್ತು. ಅನೇಕ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಟಿಕೆಟ್ ಇದೇ ಪಾಸ್‌ನ ರಿಯಾಯಿತಿ ರೂಪ. ಇದಿದ್ದವರಿಗೆ ಮ್ಯೂನಿಕ್‌ನಿಂದ ಅರಮನೆಗೆ ಹತ್ತಿರದ ಫ್ಯೂಸೆನ್ ಊರಿನ ರೈಲು, ಅಲ್ಲಿನ ಬಸ್, ಮ್ಯೂನಿಕ್‌ನ ಮೆಟ್ರೋ, ಟ್ರ್ಯಾಮ್ ಯಾವುದಕ್ಕೂ ಬೇರೆ ಟಿಕೆಟ್ ಬೇಡ. ಪಾಸ್ ಅವರವರ ಹೆಸರಿನಲ್ಲಿರುತ್ತದೆ, ಗೆಳೆಯರಿಗೆ ಕೊಡುವಂತಿಲ್ಲ. ಜೊತೆಗೆ ಫೋಟೋ ಇರುವ ಗುರುತಿನ ಚೀಟಿ ಬೇಕು.

ಪಾಸ್ ಇಲ್ಲದವರು ಐದೈದು ಜನ ಸೇರಿ ಬಯರ್ನ್ ಟಿಕೆಟ್ ಎಂಬ ಬವೇರಿಯಾದ ದಿನಟಿಕೆಟ್ ಕೊಳ್ಳಿ. ಒಬ್ಬರಿಗೆ ದುಬಾರಿ ಎನಿಸುತ್ತದೆ, ಐವರು ಹಂಚಿಕೊಂಡರೆ ತುಂಬ ಅಗ್ಗ. ವಾರದ ದಿನಗಳಲ್ಲಿ ಬೆಳಗ್ಗೆ 9ರ ಮೇಲಷ್ಟೇ ನಡೆಯುತ್ತದೆ. ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ ಚಾಲ್ತಿ, ಮರುದಿನ ನಸುಕಿನ 3ರವರೆಗೆ ಇರುತ್ತದೆ. ಪ್ರಯಾಣಿಸುವವರ ಹೆಸರನ್ನು ಹತ್ತುವ ಮುಂಚೆಯೇ ಟಿಕೆಟ್ ಮೇಲೆ ಬರೆಯಬೇಕು. ಖಾಲಿ ಬಿಟ್ಟುಕೊಂಡು ಸಿಕ್ಕಿಬಿದ್ದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೆ ಸೇರುತ್ತೀರಿ, ಆ ದಂಡ ತಲಾ 60 ಯೂರೋ.

ಎರಡೂ ಟಿಕೆಟ್ ಐಸಿಇ, ಐಸಿ ಎಂಬ ದೂರದ ವೇಗದ ಗಾಡಿಗಳಿಗೆ ನಡೆಯುವುದಿಲ್ಲ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಪ್ರಾದೇಶಿಕ ರೈಲು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿಯೇ ಹುಡುಕಿ. ಇನ್ನು ಗುರುವಾರ ಸಂಜೆ ತಪ್ಪದೆ ಮಾಡಬೇಕಾದ ಕೆಲಸವೊಂದಿದೆ: ಅದೇ ಆ್ಯಪ್‌ನಲ್ಲಿ ಶನಿವಾರದ ಗಾಡಿಯನ್ನು ಮತ್ತೊಮ್ಮೆ ನೋಡಿ. ಹಳಿ ದುರಸ್ತಿ ಕೆಲಸ ವಾರಾಂತ್ಯದಲ್ಲೇ ಹೆಚ್ಚು. ಎಸ್‌ಇವಿ ಎಂಬ ಮೂರಕ್ಷರ ಕಂಡರೆ ಆ ತುಂಡು ದಾರಿಗೆ ರೈಲಿನ ಬದಲು ಬಸ್ ಎಂದರ್ಥ, ಅರ್ಧದಿಂದ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಫಲಕದಲ್ಲಿ "ಫೆಲ್ಟ್ ಔಸ್" ಎಂದಿದ್ದರೆ ಗಾಡಿ ರದ್ದು, "ಫೆರ್‌ಶ್ಪೇಟುಂಗ್" ಎಂದರೆ ತಡ, "ಗ್ಲೈಸ್" ಎಂದರೆ ಪ್ಲಾಟ್‌ಫಾರ್ಮ್.

ಶನಿವಾರ ಬೆಳಗ್ಗೆ: ಹಿಂದಿನಿಂದ ಲೆಕ್ಕ

ಅರಮನೆಯ ಸಮಯ 13:00 ಎಂದಿಟ್ಟುಕೊಳ್ಳಿ. ಒಳ ಅಂಗಳದಲ್ಲಿ 12:45ಕ್ಕೆ ಇರಬೇಕು. ಕೆಳಗಿನ ಹೋಹೆನ್‌ಶ್ವಾಂಗೌ ಹಳ್ಳಿಯಿಂದ ಒಂದೂವರೆ ಕಿಲೋಮೀಟರ್ ಏರು, ಗುಂಪಿಗೆ 40 ನಿಮಿಷ. ಅಂದರೆ 12:00ಕ್ಕೆ ಹತ್ತಲು ಶುರು. ಅದಕ್ಕೂ ಮುಂಚೆ ಶೌಚಾಲಯ, ನೀರು ತುಂಬಿಸಿಕೊಳ್ಳುವುದು, ಚೆದುರಿದವರನ್ನು ಸೇರಿಸುವುದು ಇವಕ್ಕೆ ಅರ್ಧ ಗಂಟೆ, 11:30. ಫ್ಯೂಸೆನ್ ನಿಲ್ದಾಣದ ಎದುರಿನಿಂದ ಹಳ್ಳಿಗೆ 73 ಮತ್ತು 78ನೇ ನಂಬರಿನ ಬಸ್ಸಿದೆ. ಪ್ರಯಾಣ ಹತ್ತೇ ನಿಮಿಷ. ಆದರೆ ಒಂದು ರೈಲಿನಿಂದ ಇಳಿದವರೆಲ್ಲ ಒಂದೇ ಬಸ್ಸಿಗೆ ಮುಗಿಬೀಳುತ್ತಾರೆ, ನಿಮ್ಮ ಹದಿನೈದು ಜನ ಎರಡನೆಯ ಬಸ್ಸಿಗೆ ಕಾಯಬೇಕಾಗಬಹುದು. ಇದಕ್ಕೆ 40 ನಿಮಿಷ ಇಟ್ಟರೆ 10:50. ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ಸುಮಾರು ಎರಡು ಗಂಟೆ. ಹಾಗಾದರೆ 8:50ರ ಆಸುಪಾಸಿನ ಗಾಡಿ ಸಾಕು ಎನಿಸುತ್ತದೆ. ಸಾಲದು. ಗಾಡಿಗಳು ಹೆಚ್ಚುಕಡಿಮೆ ಗಂಟೆಗೊಂದು, ಒಂದು ರದ್ದಾದರೆ ಇಡೀ ದಿನ ಹೋಯಿತು. ಅದಕ್ಕಿಂತ ಹಿಂದಿನ ಗಾಡಿಯನ್ನೇ ಹಿಡಿಯಿರಿ. ಎಲ್ಲ ಸರಿಯಾದರೆ ಉಳಿದ ಒಂದು ಗಂಟೆಯನ್ನು ಹಳ್ಳಿಯ ಪಕ್ಕದ ಆಲ್ಪ್‌ಜೇ ಸರೋವರದ ದಡದಲ್ಲಿ ಕಳೆಯಬಹುದು, ಅದೇನೂ ನಷ್ಟವಲ್ಲ.

ಮ್ಯೂನಿಕ್ ಮುಖ್ಯ ನಿಲ್ದಾಣದಲ್ಲಿ ಫ್ಯೂಸೆನ್ ಗಾಡಿ ಸಾಮಾನ್ಯವಾಗಿ ಉತ್ತರದ ಪಕ್ಕದ 27ರಿಂದ 36ರವರೆಗಿನ ಪ್ಲಾಟ್‌ಫಾರ್ಮ್‌ಗಳಿಂದ ಹೊರಡುತ್ತದೆ. ಅವು ನಡುಹಜಾರದಿಂದ ಸಾಕಷ್ಟು ದೂರ. ಗುಂಪನ್ನು "ನಿಲ್ದಾಣದಲ್ಲಿ ಸಿಗೋಣ" ಎಂದು ಕರೆಯಬೇಡಿ, ಪ್ಲಾಟ್‌ಫಾರ್ಮ್ ನಂಬರ್ ಹೇಳಿ, ಗಾಡಿ ಹೊರಡುವ 25 ನಿಮಿಷ ಮುಂಚೆಗೆ ಕರೆಯಿರಿ. ಬವೇರಿಯಾದ ಕೆಲವು ಪ್ರಾದೇಶಿಕ ಗಾಡಿಗಳು ದಾರಿಯ ನಡುವೆ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ಹತ್ತುವ ಮುಂಚೆ ಬೋಗಿಯ ಬಾಗಿಲ ಮೇಲಿನ ಫಲಕದಲ್ಲಿ ಫ್ಯೂಸೆನ್ ಎಂದೇ ಇದೆಯೇ ನೋಡಿ. ನೇರ ಗಾಡಿ ಅಲ್ಲದಿದ್ದರೆ ಬುಖ್ಲೋ ಅಥವಾ ಕೌಫ್‌ಬಾಯ್‌ರೆನ್ ನಿಲ್ದಾಣದಲ್ಲಿ ಬದಲಿಸಬೇಕಾಗುತ್ತದೆ.

ಏರು, ಸೇತುವೆ, ಒಳಗಿನ ಸುತ್ತು

ಹಳ್ಳಿಯಿಂದ ಮೇಲಕ್ಕೆ ಮೂರು ದಾರಿ. ನಡಿಗೆಯ ರಸ್ತೆ ಡಾಂಬರು ಹಾಕಿದ ಅಗಲವಾದ ರಸ್ತೆ, ಏರು ಮಾತ್ರ ಬಿಡುವಿಲ್ಲದ್ದು. ಕುದುರೆ ಗಾಡಿ ಅರಮನೆಯ ಕೆಳಗೆ ಇಳಿಸುತ್ತದೆ, ಅಲ್ಲಿಂದ ಇನ್ನೂ ಸ್ವಲ್ಪ ಹತ್ತಬೇಕು. ಬಸ್ ಮರೀನ್‌ಬ್ರ್ಯೂಕೆ ಸೇತುವೆಯ ಹತ್ತಿರ ಇಳಿಸುತ್ತದೆ, ಅಲ್ಲಿಂದ ಅರಮನೆಗೆ ಹತ್ತು ಹದಿನೈದು ನಿಮಿಷದ ಇಳಿಜಾರು. ಕುದುರೆ ಗಾಡಿಗೂ ಬಸ್ಸಿಗೂ ನಗದು ಇಟ್ಟುಕೊಳ್ಳಿ. ಮೊಣಕಾಲು ನೋವು, ಆಸ್ತಮಾ ಇರುವವರನ್ನು ನಡೆಯಲು ಬಲವಂತ ಮಾಡಬೇಡಿ. ಅವರು ಬಸ್ಸಿನಲ್ಲಿ ಬರಲಿ, ಅಂಗಳದಲ್ಲಿ ಸೇರಿಕೊಳ್ಳಲಿ.

ನಡೆದು ಹತ್ತಿದವರು ಸೇತುವೆಯನ್ನು ಅರಮನೆ ನೋಡಿದ ಮೇಲೆ ಇಟ್ಟುಕೊಳ್ಳಬೇಕು. ಪೊಲ್ಲಾಟ್ ಕಂದರದ ಮೇಲೆ ಸುಮಾರು 90 ಮೀಟರ್ ಎತ್ತರದಲ್ಲಿ ನಿಂತ ಈ ಸೇತುವೆಯಿಂದಲೇ ಎಲ್ಲರೂ ಆ ಪ್ರಸಿದ್ಧ ಫೋಟೋ ತೆಗೆಯುವುದು. ವಾರಾಂತ್ಯದಲ್ಲಿ ಅಲ್ಲಿ ಸಾಲು ನಿಲ್ಲಬೇಕಾಗುತ್ತದೆ, ಎಷ್ಟು ಹೊತ್ತು ಎಂದು ಮೊದಲೇ ಹೇಳಲಾಗದು. "ಇನ್ನೂ ಅರ್ಧ ಗಂಟೆ ಇದೆ, ಸೇತುವೆಗೆ ಹೋಗಿ ಬಂದುಬಿಡೋಣ" ಎಂದು ಹೋದವರೇ ಟಿಕೆಟ್ ಕಳೆದುಕೊಳ್ಳುವವರಲ್ಲಿ ಹೆಚ್ಚು. ಕೆಳಗೆ ಹಲಗೆಯ ಸಂದಿನಲ್ಲಿ ಕಂದರ ಕಾಣುತ್ತದೆ, ಜನ ನಡೆದಂತೆ ಹಲಗೆ ಸಣ್ಣಗೆ ಅದುರುತ್ತದೆ. ಎತ್ತರದ ಭಯವಿರುವವರು ಈಚೆಯ ತುದಿಯಲ್ಲೇ ನಿಲ್ಲಲಿ.

ಒಳಗಿನ ಸುತ್ತು ಅರ್ಧ ಗಂಟೆಯಷ್ಟೆ. ಫೋಟೋ ನಿಷಿದ್ಧ, ದೊಡ್ಡ ಬ್ಯಾಗು ಬಿಡುವುದಿಲ್ಲ. ಲಗೇಜನ್ನು ಹಾಸ್ಟೆಲ್‌ನಲ್ಲೇ ಬಿಟ್ಟು ಬರಬೇಕು. ಹತ್ತಿ ಇಳಿಯಲು ಒಟ್ಟು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು.

ಈ ಅರ್ಧ ಗಂಟೆ ಸಾರ್ಥಕವಾಗಬೇಕಾದರೆ ಕಟ್ಟಡದ ಹಿನ್ನೆಲೆ ರೈಲಿನಲ್ಲೇ ಎಲ್ಲರಿಗೂ ಗೊತ್ತಿರಲಿ. ಜರ್ಮನ್‌ನಲ್ಲಿ ಬುರ್ಗ್ ಎಂದರೆ ಯುದ್ಧದ ಕೋಟೆ, ಶ್ಲೋಸ್ ಎಂದರೆ ಅರಮನೆ. ಗೋಪುರ ಬುರುಜುಗಳಿದ್ದರೂ ನಾಯ್‌ಶ್ವಾನ್‌ಸ್ಟೈನ್ ಶ್ಲೋಸ್. ಚಿತ್ರದುರ್ಗದ ಕೋಟೆಯ ಜೊತೆ ಹೋಲಿಸಿದರೆ ಅರ್ಥವಾಗುವುದಿಲ್ಲ, ಮೈಸೂರಿನ ಅರಮನೆಯ ಜೊತೆ ಹೋಲಿಸಿ. ಮೈಸೂರಿನದು 1897ರಿಂದ 1912ರವರೆಗೆ ಕಟ್ಟಿದ್ದು. ಇದರ ಅಡಿಗಲ್ಲು ಇಟ್ಟದ್ದು 1869ರ ಸೆಪ್ಟೆಂಬರ್ 5ರಂದು, ಅಂದರೆ ಬವೇರಿಯಾದಲ್ಲಿ ರೈಲು ಓಡಾಡುತ್ತಿದ್ದ ಕಾಲ. ಎರಡನೆಯ ಲುಡ್ವಿಗ್ ರಾಜ ಮಧ್ಯಯುಗದ ಕನಸನ್ನು ಕಟ್ಟಿಸಲು ಹೊರಟಾಗ ಮೊದಲ ನಕ್ಷೆಗಳನ್ನು ಬರೆಸಿದ್ದು ರಂಗಸಜ್ಜಿಕೆಯ ಕಲಾವಿದ ಕ್ರಿಶ್ಚಿಯನ್ ಯಾಂಕ್ ಕೈಯಲ್ಲಿ. ನಾಟಕದ ಪರದೆಯಂತೆ ಕಾಣುವುದು ಅದಕ್ಕೇ. 1886ರ ಜೂನ್ 13ರಂದು ರಾಜ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಸತ್ತಾಗ ಕೆಲಸ ಅರ್ಧಕ್ಕೆ ನಿಂತಿತ್ತು. ಅವನು ಇಲ್ಲಿ ಬದುಕಿದ್ದು ಒಟ್ಟು ಆರು ತಿಂಗಳಿಗೂ ಕಡಿಮೆ. ಅದೇ ವರ್ಷದ ಆಗಸ್ಟ್‌ನಲ್ಲೇ ಅರಮನೆಯನ್ನು ಜನರಿಗೆ ತೆರೆದರು. 2025ರಲ್ಲಿ ಯುನೆಸ್ಕೋ ಇದನ್ನೂ ಲುಡ್ವಿಗ್‌ನ ಇನ್ನು ಮೂರು ಅರಮನೆಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಳಗೆ ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನವಿಲ್ಲ, ಅದು ಬರುವ ಮೊದಲೇ ರಾಜ ಸತ್ತ. ಮೆಟ್ಟಿಲೇರಿದ ಮೇಲಿನ ಖಾಲಿ ಜಾಗವನ್ನು ಒಂದು ಗಳಿಗೆ ನಿಂತು ನೋಡಿ. ಮಲಗುವ ಕೋಣೆಯ ಮರಗೆಲಸಕ್ಕೆ ಹದಿನಾಲ್ಕು ಕೆತ್ತನೆಗಾರರು ನಾಲ್ಕು ವರ್ಷಕ್ಕೂ ಹೆಚ್ಚು ದುಡಿದರು. ಅಲ್ಲೇ ಕೈ ತೊಳೆಯುವ ತೊಟ್ಟಿಗೆ ಹಂಸದ ಆಕಾರದ ನಲ್ಲಿ. ನೀರು ಮೇಲಿನ ಬೆಟ್ಟದ ಒರತೆಯಿಂದ ತಾನಾಗಿ ಹರಿದು ಬರುತ್ತಿತ್ತು. ಬಿಸಿಗಾಳಿಯ ವ್ಯವಸ್ಥೆ, ವಿದ್ಯುತ್ ಕರೆಗಂಟೆ ಕೂಡ ಆಗಲೇ ಇದ್ದವು. ಸುತ್ತು ಮುಗಿದ ಮೇಲೆ ಅಡುಗೆಮನೆ ಸಿಗುತ್ತದೆ. ಬಹಳ ಜನ ಬಾಗಿಲ ಕಡೆ ನಡೆದುಬಿಡುತ್ತಾರೆ, ನೀವು ಹಾಗೆ ಮಾಡಬೇಡಿ.

ಬುತ್ತಿ, ವಾಪಸ್ ದಾರಿ

ಹಳ್ಳಿಯ ಹೋಟೆಲುಗಳು ದುಬಾರಿ, ಹದಿನೈದು ಜನಕ್ಕೆ ಜಾಗವೂ ಸಿಗದು. ಚಿತ್ರಾನ್ನ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಆಲ್ಪ್‌ಜೇ ದಡದಲ್ಲಿ ಕೂತು ಊಟ ಮಾಡಿ. ಹಾಸ್ಟೆಲ್‌ನಲ್ಲಿ ಅಡುಗೆಮನೆ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಕೇಸೆಶ್ಪೆಟ್ಸ್‌ಲೆ ಎಂಬ ಚೀಸ್ ಹಾಕಿದ ಹಿಟ್ಟಿನ ಖಾದ್ಯ ಬವೇರಿಯಾದ ಎಲ್ಲ ಕಡೆ ಸಿಗುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಕೆಲವೆಡೆ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ. "ಓನೆ ಶ್ಪೆಕ್" ಎಂದು ಹೇಳಿ ತರಿಸಿಕೊಳ್ಳಿ. ಮೊಟ್ಟೆಯೂ ಬೇಡವೆಂದರೆ ಬ್ರೆತ್ಸೆಲ್ ಎಂಬ ಉಪ್ಪಿನ ಬ್ರೆಡ್ಡು, ಆಲೂಗಡ್ಡೆ ಸಲಾಡ್ ಇದೆ, ಸಲಾಡ್‌ಗೆ ಮಾಂಸದ ಸಾರು ಹಾಕಿದ್ದಾರೆಯೇ ಎಂದು ಅದಕ್ಕೂ ಕೇಳಬೇಕು.

ಸಮಯ ಉಳಿದರೆ ಫ್ಯೂಸೆನ್ ಊರಿನೊಳಗೆ ಒಂದು ಗಂಟೆ ನಡೆಯಿರಿ. ಅಲ್ಲಿನ ಹೋಹೆಸ್ ಶ್ಲೋಸ್‌ನ ಅಂಗಳದಲ್ಲಿ ನಿಂತರೆ ಕಿಟಕಿಗಳ ಸುತ್ತ ಕೆತ್ತನೆ ಇದ್ದಂತೆ ತೋರುತ್ತದೆ. ಹತ್ತಿರ ಹೋದರೆ ಬರೀ ಬಣ್ಣ, ಗೋಡೆ ಚಪ್ಪಟೆ. ಸಂಜೆ 5ರಿಂದ 6ರ ನಡುವಿನ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಾಡಿ ಹೊರಡುವ ಇಪ್ಪತ್ತು ನಿಮಿಷ ಮುಂಚೆ ಬಂದರೆ ಕೂರಲು ಸಿಗುತ್ತದೆ.

ಶನಿವಾರ ರಾತ್ರಿಯೇ ಭಾನುವಾರದ ಹಾಲು, ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ತೆರೆದಿರುವುದು ದೊಡ್ಡ ನಿಲ್ದಾಣಗಳೊಳಗಿನ ಕೆಲವು ಅಂಗಡಿ ಮಾತ್ರ, ಅಲ್ಲಿ ಬೆಲೆಯೂ ಹೆಚ್ಚು. ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಒಂದಕ್ಕೆ 25 ಸೆಂಟ್ ಠೇವಣಿ ವಾಪಸ್ ಬರುತ್ತದೆ. ಹದಿನೈದು ಜನರ ಎರಡು ದಿನದ ಬಾಟಲಿ ಸೇರಿದರೆ ಚಹಾ ಖರ್ಚು ಹುಟ್ಟುತ್ತದೆ.

ಭಾನುವಾರ: ನಗರ

ಬೆಳಗ್ಗೆ ಹಾಸ್ಟೆಲ್ ಬಿಟ್ಟು ಲಗೇಜನ್ನು ನಿಲ್ದಾಣದ ಲಾಕರ್‌ಗೆ ಹಾಕಿ. ನಗರದೊಳಗೆ ಪಾಸ್ ಇಲ್ಲದವರಿಗೆ ಐದು ಜನರವರೆಗಿನ ಗುಂಪು ದಿನಟಿಕೆಟ್ ಸಾಕು. 17ನೇ ಟ್ರ್ಯಾಮ್ ಹತ್ತಿ ನಿಂಫೆನ್‌ಬುರ್ಗ್ ಅರಮನೆಗೆ ಹೋಗಿ. ನಿನ್ನೆ ನೋಡಿದ ಕಥೆಯ ಆರಂಭ ಇಲ್ಲಿದೆ: ಲುಡ್ವಿಗ್ 1845ರ ಆಗಸ್ಟ್ 25ರಂದು ಹುಟ್ಟಿದ್ದು ಈ ಅರಮನೆಯಲ್ಲಿ, ಆ ಕೋಣೆಯನ್ನು ಇಂದಿಗೂ ತೋರಿಸುತ್ತಾರೆ. ಅವನ ಅಜ್ಜ ಮೊದಲನೆಯ ಲುಡ್ವಿಗ್ ಬರೆಸಿದ 36 ಸುಂದರಿಯರ ಚಿತ್ರಗಳೂ ಇಲ್ಲೇ ಇವೆ. ರಾಜಮನೆತನದವರ ಜೊತೆ ಚಮ್ಮಾರನೊಬ್ಬನ ಮಗಳ ಚಿತ್ರವೂ ಅದೇ ಸಾಲಿನಲ್ಲಿದೆ. ಹಣ ಕಡಿಮೆ ಇದ್ದವರು ಹೊರಗಿನ ಉದ್ಯಾನದಲ್ಲಿ ಸುತ್ತಬಹುದು, ಅದಕ್ಕೆ ಟಿಕೆಟ್ ಇಲ್ಲ.

11 ಅಥವಾ 12 ಗಂಟೆಗೆ ಮರೀನ್‌ಪ್ಲಾಟ್ಸ್ ಚೌಕದಲ್ಲಿ ಪುರಭವನದ ಗೋಪುರದ ಗೊಂಬೆಗಳು ಗಂಟೆಯ ಸಂಗೀತಕ್ಕೆ ಕುಣಿಯುತ್ತವೆ. ಚೌಕದ ನಡುವೆ ನಿಂತರೆ ಕತ್ತು ನೋಯುತ್ತದೆ, ಎದುರಿನ ಬದಿಗೆ ಸರಿದು ನಿಲ್ಲಿ. ಗುಂಪುಗಳು ಹೆಚ್ಚು ಚೆದುರುವುದೂ, ಜೇಬುಗಳ್ಳರ ಕೈ ಹೆಚ್ಚು ಓಡುವುದೂ ಇಲ್ಲೇ. ಮುಖ ಮೇಲೆತ್ತುವ ಮುಂಚೆ ಬ್ಯಾಗನ್ನು ಎದೆಗೆ ತಂದುಕೊಳ್ಳಿ. ಚೌಕದಿಂದ ಪಶ್ಚಿಮಕ್ಕೆ ಹೋಗುವ ಬೀದಿಯಲ್ಲಿ ಮಿಖಾಯೆಲ್ ಚರ್ಚ್ ಇದೆ, ಲುಡ್ವಿಗ್‌ನ ಸಮಾಧಿ ಅದರ ನೆಲಮಾಳಿಗೆಯಲ್ಲಿದೆ. ಭಾನುವಾರ ನೆಲಮಾಳಿಗೆ ತೆರೆದಿರುತ್ತದೆಂದು ಎಣಿಸಿಕೊಂಡು ಹೋಗಬೇಡಿ. ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದೆ ಸದ್ದಿಲ್ಲದೆ ಕೂತು ಬನ್ನಿ.

ಮಧ್ಯಾಹ್ನದ ಊಟಕ್ಕೆ ಬಿಯರ್ ಗಾರ್ಡನ್ ಹುಡುಕಿ, ಕುಡಿಯದವರಿಗೂ ಇದು ಅನುಕೂಲ. ಬವೇರಿಯಾದ ಸಾಂಪ್ರದಾಯಿಕ ಬಿಯರ್ ಗಾರ್ಡನ್‌ಗಳಲ್ಲಿ ಪಾನೀಯ ಅವರಲ್ಲಿ ಕೊಂಡರೆ ಸಾಕು, ತಿಂಡಿ ಮನೆಯಿಂದ ತರಬಹುದು. 1812ರ ರಾಜಾಜ್ಞೆಯಿಂದ ಬಂದ ರೂಢಿ. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅಲ್ಲಿ ಬಡಿಸುವವರಿರುತ್ತಾರೆ, ಬುತ್ತಿ ಬಿಚ್ಚಬೇಡಿ. ಬರಿಯ ಮರದ ಮೇಜಾದರೆ ಒಂದೊಂದು ಲೋಟ ಆಪ್ಫೆಲ್‌ಶೋರ್ಲೆ ತಂದುಕೊಂಡು, ಅಂದರೆ ಸೋಡಾ ಬೆರೆಸಿದ ಸೇಬಿನ ರಸ, ಉಳಿದ ಚಪಾತಿಯನ್ನು ಧಾರಾಳವಾಗಿ ತೆಗೆಯಿರಿ.

ಊಟದ ಮೇಲೆ ಆಲ್ಟೆ ಪಿನಾಕೊಟೆಕ್ ಚಿತ್ರಶಾಲೆ. ಭಾನುವಾರ ಪ್ರವೇಶಕ್ಕೆ ಒಂದೇ ಯೂರೋ. ನಗರವನ್ನು ಭಾನುವಾರಕ್ಕೆ ಇಟ್ಟದ್ದಕ್ಕೆ ಇದೂ ಒಂದು ಕಾರಣ. ಜರ್ಮನ್ ಚಿತ್ರಕಾರ ಡ್ಯೂರರ್ 1500ರಲ್ಲಿ ಬರೆದ ಸ್ವಂತ ಮುಖದ ಚಿತ್ರ ಇಲ್ಲಿದೆ. ಕೋಟಿನ ಅಂಚಿನ ತುಪ್ಪಳದ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಾಣುತ್ತದೆ.

ಪಾಸ್‌ಪೋರ್ಟ್, ನಿವಾಸ ಪರವಾನಗಿ ಕಾರ್ಡ್, ಆರೋಗ್ಯ ವಿಮೆಯ ಕಾರ್ಡ್ ಮೂರೂ ಎರಡೂ ದಿನ ಮೈಮೇಲಿರಲಿ. ತುರ್ತಿಗೆ 112, ಪೊಲೀಸರಿಗೆ 110. ನಿಮ್ಮ ಊರಿನ ರೈಲು ಹೊರಡುವ 45 ನಿಮಿಷ ಮುಂಚೆ ಲಾಕರ್ ಎದುರು ಸೇರಿ. ಲಾಕರ್‌ಗಳ ಸಾಲುಗಳು ಒಂದಕ್ಕಿಂತ ಹೆಚ್ಚಿವೆ, ನಿಮ್ಮದು ಯಾವುದೆಂದು ಬೆಳಗ್ಗೆಯೇ ಸಾಲಿನ ಫಲಕದ ಸಮೇತ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿಡಿ.